ಪಡೀಲಿಗೊಬ್ಬಳು ಚರಂಡಿಯಮ್ಮ

ಮಂಗಳೂರಿನ ಪಡೀಲಿನಲ್ಲಿ ದೇವರಿಗೆ ಜಾಗದ ತಾಪತ್ರಯ ಬಂದದ್ದನ್ನು ನಾನು ಕಾಣೆ. ತಾಪತ್ರಯ ಏನಿದ್ದರೂ ನೀರಿಗೆ. ಜೂನ್ ತಿಂಗಳಲ್ಲಿ ಮೇಲಿನಿಂದ ಬಿದ್ದ ನೀರು ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ರಸ್ತೆಯ ಮೇಲೆ ಯೋಚಿಸುತ್ತ ನಿಲ್ಲುತ್ತದೆ. ಆಮೇಲೆ ರೈಲ್ವೆ ಅಂಡರ್‌ಪಾಸ್‌ನೊಳಗೆ ಇಳಿದು ಬಿಡಾರ ಹೂಡುತ್ತದೆ. ಬಿ.ಸಿ. ರೋಡಿನಿಂದ ಬರುವ ಹೆದ್ದಾರಿ, ನಂತೂರಿನ ಬೈಪಾಸು, ಪಂಪ್‌ವೆಲ್ಲಿನ ರಸ್ತೆ ಮೂರೂ ಸೇರುವ ಊರು ಇದು. ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಇಲ್ಲೇ. 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಪ್ರಜಾಸೌಧ, ಅಂದರೆ ಹೊಸ ಜಿಲ್ಲಾಧಿಕಾರಿ ಕಚೇರಿ, ಇರುವುದೂ ಇಲ್ಲೇ. ಜಿಲ್ಲೆಯವರೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಇಲ್ಲಿಗೆ ಬಂದೇ ಬರಬೇಕು. ಹಾಗೆ ಬಂದವರಲ್ಲಿ ನೀರೊಂದೇ ವಾಪಸು ಹೋಗುವ ದಾರಿ ಕೇಳುತ್ತ ನಿಂತಿದೆ.

ಅಂಥದೇ ಒಂದು ಮಳೆಯ ಸಂಜೆ ರಿಕ್ಷಾದ ಹುಡುಗ ನನ್ನನ್ನು ಅಂಡರ್‌ಪಾಸ್‌ನ ಈಚೆಗೇ ಇಳಿಸಿದ. "ಮುಂದೆ ಹೋಗ್ಲಿಕ್ಕೆ ಆಗುದಿಲ್ಲ ಸಾರ್. ಇಂಜಿನಿಗೆ ನೀರು ಹೋದ್ರೆ ನಿಮ್ಮ ರೋಮಿನವ್ರು ಬಂದು ಎತ್ತುದಿಲ್ಲ." ನನ್ನ ಕೈಯಲ್ಲಿ ಪ್ರಾಚೀನ ರೋಮಿನ ಧರ್ಮದ ಬಗ್ಗೆ ಒಂದು ದಪ್ಪ ಪುಸ್ತಕ ಇತ್ತು, ದಾರಿಯುದ್ದಕ್ಕೂ ಅದರಿಂದ ಅವನ ತಲೆ ತಿಂದಿದ್ದೆ. ಪಕ್ಕದ ಅಂಗಡಿಯ ಕಟ್ಟೆಯಲ್ಲಿ ಆಗಲೇ ನಾಲ್ಕೈದು ಮಂದಿ ನೀರು ಇಳಿಯುವುದನ್ನು ಕಾಯುತ್ತಿದ್ದರು. ರಿಕ್ಷಾ ಬದಿಗೆ ನಿಲ್ಲಿಸಿ ಹುಡುಗನೂ ಬಂದು ಕೂತ. ಈ ಲೇಖನದ ಯೋಜನೆ ಹುಟ್ಟಿದ್ದು ಅಲ್ಲಿ.

ರೋಮಿನವರು ಬರುತ್ತಿದ್ದರು ಎಂದು ಅವನಿಗೆ ಹೇಳಿದೆ. ಆಗ್ರಿಪ್ಪ ಎಂಬವನಿದ್ದ. ಕ್ರಿ.ಪೂ. 37ರಲ್ಲೇ ಕಾನ್ಸಲ್ ಆಗಿದ್ದ ಮನುಷ್ಯ, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಎನ್ನಿ. ನಾಲ್ಕು ವರ್ಷದ ಬಳಿಕ, ಕ್ರಿ.ಪೂ. 33ರಲ್ಲಿ, ಈಡೈಲ್ ಎಂಬ ಎಷ್ಟೋ ಮೆಟ್ಟಿಲು ಕೆಳಗಿನ ಹುದ್ದೆಗೆ ಬಂದು ಕೂತ. ಮುಖ್ಯಮಂತ್ರಿಯಾಗಿದ್ದವರು ವಾರ್ಡಿನ ಕಾರ್ಪೊರೇಟರ್ ಆಗುತ್ತೇನೆಂದು ಹೊರಟಂತೆ. ಊರಿನ ಚರಂಡಿಗಳನ್ನೆಲ್ಲ ಸ್ವಂತ ದುಡ್ಡಿನಲ್ಲಿ ಬಿಡಿಸಿದ; ಸರಿಯಾಗಿದೆಯೋ ಇಲ್ಲವೋ ನೋಡಲು ತಾನೇ ದೋಣಿ ಹತ್ತಿ ಭೂಮಿಯಡಿಯ ದೊಡ್ಡ ಚರಂಡಿಯೊಳಗಿಂದ ಟೈಬರ್ ನದಿಯವರೆಗೆ ಹೋದ. ನಮ್ಮಲ್ಲಿ ದೋಣಿಗೆ ಬೇಕಾದಷ್ಟು ನೀರು ಸಿದ್ಧವಿದೆ. ಹತ್ತುವವರ ದಿನಾಂಕ ಸಿಕ್ಕಿಲ್ಲ.

ಆ ದೊಡ್ಡ ಚರಂಡಿಗೆ ಒಬ್ಬಳು ದೇವಿ ಇದ್ದಳು, ಕ್ಲೋವಾಕೀನಾ. ಕ್ಲೋವಾಕಾ ಎಂದರೆ ಲ್ಯಾಟಿನ್ನಿನಲ್ಲಿ ಚರಂಡಿ. ಕನ್ನಡದಲ್ಲಿ ಚರಂಡಿಯಮ್ಮ ಎಂದರೆ ಅವಳಿಗೆ ಬೇಸರವಾಗಲಾರದು. ಗುಡಿ ಇದ್ದದ್ದು ಊರ ಹೊರಗಿನ ಗದ್ದೆಯಲ್ಲಲ್ಲ, ಸೆನೆಟ್ಟು, ನ್ಯಾಯಾಲಯ, ಲೇವಾದೇವಿ ಎಲ್ಲ ನಡೆಯುವ ಫೋರಮ್ಮಿನಲ್ಲಿ. ಆ ಗುಡಿಯ ಚಿತ್ರ ನಾಣ್ಯದ ಮೇಲೂ ಅಚ್ಚಾಯಿತು. ಮುಂದೆ ಅವಳನ್ನು ವೀನಸ್ಸಿನ ಜೊತೆ ಸೇರಿಸಿ ವೀನಸ್ ಕ್ಲೋವಾಕೀನಾ ಎಂದರು. ಸೌಂದರ್ಯದ ದೇವತೆಗೆ ಚರಂಡಿಯ ಹೆಚ್ಚುವರಿ ಪ್ರಭಾರ.

"ಚರಂಡಿಗೂ ದೇವರಾ ಮಾರಾಯ್ರೆ?" ಎಂದು ಅಂಗಡಿಯವರು ನಕ್ಕರು. ನಗುವ ವಿಷಯವಲ್ಲ ಎಂದೆ. ಈ ಊರಿನಲ್ಲಿ ಕೆಲಸ ಆಗುವ ದಾರಿ ಇರುವುದು ಅದೊಂದೇ. ಯಾವುದಾದರೂ ದೇವಸ್ಥಾನದ ಬ್ರಹ್ಮಕಲಶ ಬಂತು ಎನ್ನಿ, ಇದೇ ಜನ ಬೇರೆಯೇ ಜನ ಆಗಿಬಿಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಕರಸೇವೆ. ಬ್ಯಾಂಕಿನ ಮ್ಯಾನೇಜರು ಬುಟ್ಟಿಯಲ್ಲಿ ಮಣ್ಣು ಹೊರುತ್ತಾರೆ, ಕಾಲೇಜು ಹುಡುಗರು ಸಾಲಾಗಿ ನಿಂತು ಕಲ್ಲು ದಾಟಿಸುತ್ತಾರೆ, ಮನೆಯಲ್ಲಿ ಲೋಟ ಎತ್ತಿಡದ ಗಂಡಸರು ಸಾವಿರ ಜನರ ಎಂಜಲೆಲೆ ಎತ್ತುತ್ತಾರೆ. ದುಬೈಯಿಂದ ಹಣ, ಘಟ್ಟದ ಮೇಲಿನಿಂದ ತರಕಾರಿ, ಹೊರೆಕಾಣಿಕೆಯ ಲಾರಿಗಳ ಮೆರವಣಿಗೆ. ಲೆಕ್ಕಪತ್ರ ಕೂಡ ಸಮಯಕ್ಕೆ ಸರಿಯಾಗಿ ಮಂಡನೆಯಾಗುತ್ತದೆ. ಇಷ್ಟೆಲ್ಲ ಮಾಡಬಲ್ಲವರಿಗೆ ನೂರು ಮೀಟರ್ ತೋಡು ಬಿಡಿಸಲು ಬಾರದು ಎಂದರೆ ನಾನು ನಂಬುವವನಲ್ಲ. ತೋಡಿಗೆ ಇನ್ನೂ ಪ್ರತಿಷ್ಠೆ ಆಗಿಲ್ಲ, ತೊಂದರೆ ಅಷ್ಟೇ.

ಆದ್ದರಿಂದ ಅಂಡರ್‌ಪಾಸ್‌ನ ಬಾಯಿಯಲ್ಲಿ ಅಷ್ಟಮಂಗಲ ಪ್ರಶ್ನೆ ಇಡುವುದು. ಇಲ್ಲೊಂದು ಸಾನ್ನಿಧ್ಯ ಇತ್ತು, ಅದರ ಮೇಲೆ ಮಣ್ಣು, ಪ್ಲಾಸ್ಟಿಕ್ಕು, ಕಟ್ಟಡ ಒಡೆದ ಕಲ್ಲು ಬಿದ್ದು ದೇವಿ ಮುನಿದಿದ್ದಾಳೆ ಎಂದು ಕಂಡುಬರುತ್ತದೆ. ಕಾಣದೆ ಇರುವುದು ಹೇಗೆ? ಮಣ್ಣು ಬಿದ್ದಿರುವುದು ಬರಿಗಣ್ಣಿಗೇ ಕಾಣುತ್ತದೆ.

ಕಟ್ಟೆಯಲ್ಲಿದ್ದ ನಿವೃತ್ತ ಮಾಸ್ತರರು ಆಕ್ಷೇಪ ಎತ್ತಿದರು. "ನಮ್ಮಲ್ಲಿ ಸಾವಿರದೊಂದು ದೈವ ಉಂಟು. ಪರದೇಶದ್ದು ಎಂತಕ್ಕೆ?" ನ್ಯಾಯವಾದ ಪ್ರಶ್ನೆ. ಆದರೆ ಪಾಡ್ದನಗಳನ್ನು ಕೇಳಿದರೆ ನಮ್ಮ ದೈವಗಳಲ್ಲಿ ಎಷ್ಟೋ ಘಟ್ಟ ಇಳಿದು ಬಂದವು, ಕೆಲವು ಕಡಲ ಕಡೆಯಿಂದ ಬಂದವು. ಯಾರ ಬಳಿಯೂ ಆಧಾರ್ ಕಾರ್ಡ್ ಇರಲಿಲ್ಲ. ಮೂಲ್ಕಿಯ ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂದು ಐತಿಹ್ಯ ಇದೆ, ಊರಿನ ಹೆಸರೂ ಅವನದೇ. ರೋಮಿನವರೂ ಹೀಗೆಯೇ. ದಂಡೆತ್ತಿ ಬಂದ ಹ್ಯಾನಿಬಲ್ಲನ ಕಾಟ ತಾಳಲಾರದೆ ಕ್ರಿ.ಪೂ. 204ರಲ್ಲಿ ಏಷ್ಯಾ ಮೈನರಿನಿಂದ ಮಹಾಮಾತೆ ಸಿಬಿಲೆಯನ್ನು ಕರಿಕಲ್ಲಿನ ರೂಪದಲ್ಲಿ ಹಡಗಿನಲ್ಲಿ ತಂದರು, ಮೆರವಣಿಗೆ ಮಾಡಿದರು, ಗುಡಿ ಕಟ್ಟಿದರು. ಆಮೇಲೆ ಅವಳ ಪೂಜಾರಿಗಳ ಕುಣಿತ ನೋಡಿ ಬೆಚ್ಚಿ, ರೋಮನ್ ಪ್ರಜೆ ಯಾರೂ ಅವಳ ಪೂಜಾರಿಯಾಗಬಾರದು ಎಂದು ಕಟ್ಟಳೆ ಮಾಡಿದರು. ದೇವಿ ಬೇಕು, ಅವಳ ಕಡೆಯವರು ಬೇಡ. ಈ ಬುದ್ಧಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ.

ಹಾಗೆ ನೋಡಿದರೆ ರೋಮಿಗೂ ನಮಗೂ ಹಳೆಯ ಪರಿಚಯ. ರೋಮಿನ ಲೇಖಕ ಪ್ಲಿನಿ ತನ್ನ ಗ್ರಂಥದಲ್ಲಿ ಈ ಕರಾವಳಿಯ ನಿತ್ರಿಯಾಸ್ ಎಂಬ ಜಾಗದ ಕಡಲ್ಗಳ್ಳರ ಬಗ್ಗೆ ಎಚ್ಚರಿಕೆ ಬರೆದ. ಅದು ನೇತ್ರಾವತಿಯ ಅಳಿವೆ ಎಂದು ಹಲವು ವಿದ್ವಾಂಸರ ಊಹೆ. ಈಜಿಪ್ಟ್ ರೋಮಿನ ಆಳ್ವಿಕೆಯಲ್ಲಿದ್ದಾಗ ಅಲ್ಲಿನ ಆಕ್ಸಿರಿಂಕಸ್ಸಿನಲ್ಲಿ ಬರೆದಿಟ್ಟ ಗ್ರೀಕ್ ಪ್ರಹಸನವೊಂದರ ಕಥೆ ನಡೆಯುವುದು ಭಾರತದ ಕಡಲ ತೀರದಲ್ಲಿ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೆಂದು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ವಾದಿಸಿದರು, ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು, ತುಳು ಎಂದವರೂ ಉಂಟು. ನಾಟಕದಲ್ಲಿ ಒಂದು ದೇವಿಯ ಗುಡಿ, ಅಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿ, ಕುಡಿದು ಮೈಮರೆಯುವ ಸ್ಥಳೀಯ ರಾಜ, ಗಲಾಟೆಯ ನಡುವೆ ದೇವಿಯ ಕಾಣಿಕೆಯನ್ನೇ ಹೊತ್ತೊಯ್ಯೋಣ ಎನ್ನುವ ವಿದೂಷಕ. ಹುಡುಗಿ ಬೇಡ ಎಂದು ತಡೆಯುತ್ತಾಳೆ. ಹುಂಡಿಯ ಮೇಲೆ ಕಣ್ಣಿಡುವ ಪಾತ್ರ ಇಲ್ಲದೆ ನಮ್ಮ ಬಗ್ಗೆ ನಾಟಕ ಬರೆಯಲಾಗದು ಎಂಬುದು ಆ ಕಾಲಕ್ಕೇ ಹೊರದೇಶದವರಿಗೆ ಗೊತ್ತಿತ್ತು.

ಈಗ ಈಡೈಲಿನ ವಿಷಯಕ್ಕೆ ಬರುತ್ತೇನೆ, ನನ್ನ ಹೊಟ್ಟೆಕಿಚ್ಚು ಇರುವುದು ಅಲ್ಲಿ. ಆ ಹುದ್ದೆಯ ಹೆಸರು ಗುಡಿ ಎಂಬರ್ಥದ ಈಡೀಸ್ ಪದದಿಂದ ಬಂದದ್ದು. ಆದರೆ ಕೆಲಸ ಗುಡಿಯದ್ದು ಮಾತ್ರವಲ್ಲ: ರಸ್ತೆ, ಚರಂಡಿ, ಸಂತೆಯ ತೂಕ-ಅಳತೆ, ಜೊತೆಗೆ ದೇವರ ಹೆಸರಿನ ಜಾತ್ರೆ-ಆಟಗಳು. ಒಂದೇ ಕೈಯಲ್ಲಿ ಬ್ರಹ್ಮಕಲಶವೂ ಮೋರಿಯೂ. ಆಟಗಳನ್ನು ಅದ್ದೂರಿಯಾಗಿ ಮಾಡಿಸಿದವನು ಮುಂದಿನ ಚುನಾವಣೆ ಗೆಲ್ಲುತ್ತಿದ್ದ. ಕ್ರಿ.ಪೂ. 65ರಲ್ಲಿ ಈಡೈಲ್ ಆದ ಜೂಲಿಯಸ್ ಸೀಸರ್ 320 ಜೋಡಿ ಗ್ಲಾಡಿಯೇಟರುಗಳನ್ನು ಇಳಿಸಿದ. ಉಳಿದ ಆಟಗಳ ಖರ್ಚಿನಲ್ಲಿ ಪಾಲು ಹಾಕಿದ್ದು ಜೊತೆಯ ಈಡೈಲ್ ಬಿಬುಲಸ್, ಹೆಸರು ಬಂದದ್ದು ಸೀಸರನಿಗೆ. ಕ್ಯಾಸ್ಟರ್, ಪೊಲಕ್ಸ್ ಎಂಬ ಅವಳಿ ದೇವರಿಗೆ ಕಟ್ಟಿದ ಗುಡಿಯನ್ನು ಜನ ಕ್ಯಾಸ್ಟರನ ಗುಡಿ ಎಂದಷ್ಟೇ ಕರೆಯುತ್ತಾರಲ್ಲ, ನನ್ನ ಗತಿಯೂ ಅದೇ ಎಂದು ಬಿಬುಲಸ್ ಗೊಣಗಿದನಂತೆ. ಫ್ಲೆಕ್ಸಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಮುಖ ಹಾಕಿಸಿಕೊಂಡು ಪೂರ್ತಿ ದುಡ್ಡು ಕೊಟ್ಟ ನಮ್ಮೂರ ದಾನಿಗಳಿಗೆ ಈ ಮನುಷ್ಯನ ಸಂಕಟ ಅರ್ಥವಾದೀತು.

ಹಾಗಿದ್ದರೂ ಸೀಸರನ ಕೈಯಲ್ಲಿ ರಸ್ತೆಯ ಗುಂಡಿಯೂ ಇತ್ತು ಎಂಬುದನ್ನು ಮರೆಯುವಂತಿಲ್ಲ. ನಮ್ಮವರು ಆ ಹುದ್ದೆಯನ್ನು ಬಹಳ ಜಾಣತನದಿಂದ ಪಾಲು ಮಾಡಿದ್ದಾರೆ. ಜಾತ್ರೆಯ ಅಧ್ಯಕ್ಷತೆ, ದೀಪ ಬೆಳಗುವುದು, ಶಾಲು, ಫಲತಾಂಬೂಲ ತಮಗೆ. ಗುಂಡಿ 'ಸಂಬಂಧಪಟ್ಟ ಇಲಾಖೆ'ಗೆ. ಆ ಇಲಾಖೆ ಯಾವುದೆಂದು ಕಂಡುಹಿಡಿಯುವುದು ಪ್ರಜೆಗೆ.

ದೊಡ್ಡ ಪುರೋಹಿತನ ಕಥೆಯೂ ಇದೇ. ಅವನ ಪದವಿಯ ಹೆಸರು ಪೊಂಟಿಫೆಕ್ಸ್ ಮ್ಯಾಕ್ಸಿಮಸ್. ಮಂಗಳೂರಿನ ಕೆಥೋಲಿಕರಿಗೆ ಕೇಳಿ ಗೊತ್ತಿರುವ ಬಿರುದು, ಪೋಪರಿಗೆ ಇವತ್ತಿಗೂ ಸಲ್ಲುತ್ತದೆ. ಪದ ಬಿಡಿಸಿದರೆ ಸೇತುವೆ ಮಾಡುವವನು ಎಂದರ್ಥ. ಟೈಬರಿನ ಮರದ ಸೇತುವೆಯನ್ನು ಮೊದಲು ಕಟ್ಟಿದವರೂ ಆಮೇಲೆ ಮತ್ತೆ ಮತ್ತೆ ರಿಪೇರಿ ಮಾಡಿದವರೂ ಈ ಪುರೋಹಿತರೇ ಎಂದು ರೋಮಿನ ವಿದ್ವಾಂಸ ವಾರೋ ಬರೆದಿದ್ದಾನೆ. ಪದವಿಗೆ ಚುನಾವಣೆ ಇತ್ತು, ಲಂಚವೂ ಇತ್ತು. ಕ್ರಿ.ಪೂ. 63ರಲ್ಲಿ ಸಾಲದಲ್ಲಿ ಮುಳುಗಿದ್ದ ಸೀಸರ್ ಮತದಾನದ ದಿನ ತಾಯಿಗೆ, ಪೊಂಟಿಫೆಕ್ಸ್ ಆಗದಿದ್ದರೆ ಮನೆಗೆ ಬರುವುದಿಲ್ಲ ಎಂದು ಹೇಳಿ ಹೊರಟು ಗೆದ್ದು ಬಂದ. ಪಂಚಾಂಗವೂ ಇವರ ಕೈಯಲ್ಲೇ ಇದ್ದುದರಿಂದ, ಬೇಕಾದವರ ಅಧಿಕಾರಾವಧಿ ಎಳೆಯಲು ಇವರು ಅಧಿಕ ಮಾಸ ತುರುಕುತ್ತಿದ್ದರೆಂಬ ಆರೋಪವೂ ಇತ್ತು. ನಮಗೆ ಅಷ್ಟು ಕಷ್ಟ ಬೇಡ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತಿಗಳು ಯಾವ ಅಧಿಕ ಮಾಸವೂ ಇಲ್ಲದೆ ವರ್ಷಗಟ್ಟಲೆ ಚುನಾವಣೆ ಕಾಣದೆ ಉಳಿದವು. ಸೇತುವೆಯ ವಿಷಯಕ್ಕೆ ಬಂದರೆ, ಪಕ್ಕದ ಪಂಪ್‌ವೆಲ್ಲಿನಲ್ಲಿ ಮಹಾವೀರ ವೃತ್ತದ ಕಲಶ ಫ್ಲೈಓವರಿಗಾಗಿ ಜಾಗ ಬಿಟ್ಟುಕೊಟ್ಟಿತು. ಫ್ಲೈಓವರು ಹತ್ತಿರ ಹತ್ತಿರ ಹತ್ತು ವರ್ಷ ಎಳೆದು 2020ರ ಜನವರಿ 31ರಂದು ತೆರೆಯಿತು. ಆ ಹತ್ತು ವರ್ಷದಲ್ಲಿ ಈ ಊರಿನಲ್ಲಿ ಎಷ್ಟು ಪೊಂಟಿಫೆಕ್ಸರು ಎಷ್ಟು ವೇದಿಕೆ ಹತ್ತಿರಬಹುದು, ನೀವೇ ಎಣಿಸಿ.

ರೋಮಿನವರನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಅವರು ಯುದ್ಧಕ್ಕೆ ಹೋಗಬೇಕೋ ಬೇಡವೋ ಎಂದು ಕೋಳಿಗಳನ್ನು ಕೇಳುತ್ತಿದ್ದ ಜನ. ಪಂಜರದ ಕೋಳಿ ಕಾಳು ಗಬಗಬ ತಿಂದರೆ ಶುಭ. ಕ್ರಿ.ಪೂ. 249ರಲ್ಲಿ ಕ್ಲಾಡಿಯಸ್ ಪಲ್ಕರ್ ಎಂಬ ಸೇನಾಪತಿಯ ಕೋಳಿಗಳು ತಿನ್ನಲಿಲ್ಲ. ತಿನ್ನದಿದ್ದರೆ ಕುಡಿಯಲಿ ಎಂದು ಅವನು ಅವನ್ನು ಸಮುದ್ರಕ್ಕೆ ಎಸೆದ, ಯುದ್ಧ ಸೋತ, ಊರಿಗೆ ಬಂದು ದಂಡ ಕಟ್ಟಿದ. ತುಳುನಾಡಿನಲ್ಲಿ ಕೋಳಿಯ ಅಭಿಪ್ರಾಯ ಯಾರೂ ಕೇಳಿದ್ದಿಲ್ಲ. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಕುಕ್ಕುಟ ಪಂಚಾಂಗ ನೋಡಿ ಅಂಕಕ್ಕೆ ಇಳಿಸುತ್ತೇವೆ, ಸೋತದ್ದನ್ನು ರೊಟ್ಟಿಯ ಜೊತೆ ಮುಗಿಸುತ್ತೇವೆ. ಯಾವುದು ಮೂಢನಂಬಿಕೆ ಎಂಬ ಚರ್ಚೆ ಊಟದ ಬಳಿಕ.

ಇನ್ನೊಂದು ಹುದ್ದೆ ಇತ್ತು, ಸೆನ್ಸಾರ್. ಊರಿನ ನಡತೆ ಕಾಯುವವರು. ಕ್ರಿ.ಪೂ. 184ರಲ್ಲಿ ಆ ಪದವಿಗೆ ಗೆದ್ದ ಕೇಟೋ ಎಂಬ ಮಹಾ ಮಡಿವಂತ, ಮನಿಲಿಯಸ್ ಎಂಬ ಸೆನೆಟ್ ಸದಸ್ಯನನ್ನು ಸದಸ್ಯತ್ವದಿಂದ ಕಿತ್ತುಹಾಕಿದ. ಮಾಡಿದ ತಪ್ಪು: ಹಗಲು ಹೊತ್ತಿನಲ್ಲಿ, ಮಗಳ ಎದುರಿಗೆ, ಹೆಂಡತಿಗೆ ಮುತ್ತು ಕೊಟ್ಟದ್ದು. ನನ್ನ ಹೆಂಡತಿ ನನ್ನನ್ನು ಅಪ್ಪಿಕೊಳ್ಳುವುದು ಜೋರು ಗುಡುಗಿದಾಗ ಮಾತ್ರ ಎಂದು ಕೇಟೋ ಹೇಳಿಕೊಂಡನಂತೆ. ಮುಂಗಾರಿನಲ್ಲಿ ಪಡೀಲಿಗೆ ಬಂದಿದ್ದರೆ ಸುಖಪಡುತ್ತಿದ್ದ.

ಪಡೀಲಿಗೂ ನಡತೆ ಕಾಯುವವರು ಬಂದದ್ದುಂಟು. 2012ರ ಜುಲೈ 28ರ ಸಂಜೆ ಇಲ್ಲಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು, ಹುಡುಗಿಯರನ್ನು ಎಳೆದಾಡಿತು. ಟೀವಿಯಲ್ಲಿ ದೇಶವೇ ನೋಡಿತು. 2024ರ ಆಗಸ್ಟಿನಲ್ಲಿ ಆರೋಪಿಗಳು ಖುಲಾಸೆಯಾದರು. ನ್ಯಾಯಾಲಯದ ತೀರ್ಪಿಗೆ ತಲೆಬಾಗಿದ್ದೇನೆ. ಹಾಗಾದರೆ ಆ ಸಂಜೆ ನುಗ್ಗಿದವರು ಯಾರು ಎಂಬುದನ್ನು ಹನ್ನೆರಡು ವರ್ಷದಲ್ಲಿ ಯಾರೂ ನಮಗೆ ಹೇಳಲಿಲ್ಲ. 2012ರ ಅದೇ ಜುಲೈ ಕೊನೆಯಲ್ಲಿ ರಾಜ್ಯದ ಸುಮಾರು 34 ಸಾವಿರ ಮುಜರಾಯಿ ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಲು ಸರ್ಕಾರ ಆದೇಶ ಕೊಟ್ಟಿತ್ತು. 2019ರ ಜೂನಿನಲ್ಲಿ ಬೇರೆ ಪಕ್ಷಗಳ ಸರ್ಕಾರವೂ ಪರ್ಜನ್ಯ ಹೋಮಕ್ಕೆ ಸುತ್ತೋಲೆ ಹೊರಡಿಸಿತು. ಮಳೆ ತರಿಸುವುದರಲ್ಲಿ ಸರ್ವಪಕ್ಷ ಸಹಮತ ಇದೆ. ಬಂದ ಮಳೆಯನ್ನು ಏನು ಮಾಡಬೇಕು ಎಂಬ ಸುತ್ತೋಲೆ ಕರಡಿನ ಹಂತದಲ್ಲಿರಬೇಕು.

ಕೇಟೋನ ಬಗ್ಗೆ ಹೇಳದೆ ಬಿಟ್ಟ ಒಂದು ಮಾತು ಇದೆ. ಮುತ್ತು ಕೊಟ್ಟವನನ್ನು ಹೊರಹಾಕಿದ ಅದೇ ವರ್ಷ, ಅದೇ ಅಧಿಕಾರದಲ್ಲಿ, ಆತ ರೋಮಿನ ಚರಂಡಿಗಳನ್ನು ತೊಳೆಸಿದ, ಇಲ್ಲದ ಕಡೆ ಹೊಸದಾಗಿ ತೋಡಿಸಿದ. ಲಿವಿ ಬರೆದ ಇತಿಹಾಸದಲ್ಲಿ ಇದು ಇದೆ. ನಡತೆಯ ಪೊಲೀಸನಿಗೆ ಆ ಕಾಲದಲ್ಲಿ ಮೋರಿಯ ಗುತ್ತಿಗೆ ಕಡ್ಡಾಯ. ಅದೂ ಮತ ಕೇಳಿ ಗೆದ್ದು ಬಂದ ಮೇಲೆ, ಹದಿನೆಂಟು ತಿಂಗಳ ಮಟ್ಟಿಗೆ, ಜೊತೆಗೊಬ್ಬ ಸೆನ್ಸಾರನ ಒಪ್ಪಿಗೆಯಿಂದ. ನಮ್ಮಲ್ಲಿ ಸಂಸ್ಕೃತಿಗೆ ಧಕ್ಕೆಯಾದರೆ ಅರ್ಧ ಗಂಟೆಯಲ್ಲಿ ಐವತ್ತು ಮಂದಿ ಸೇರುತ್ತಾರೆ. ಮೋರಿಗೆ ಧಕ್ಕೆಯಾದರೆ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಬರುತ್ತದೆ, ಅದಕ್ಕೆ ಕೈಮುಗಿದ ಚಿಹ್ನೆ.

ಜಂಕ್ಷನ್ನುಗಳ ವಿಷಯ ಮಾತ್ರ ರೋಮಿಗೂ ಮಂಗಳೂರಿಗೂ ಒಂದೇ ಅಚ್ಚು. ಅಲ್ಲಿ ಪ್ರತಿ ಕೂಡುರಸ್ತೆಯಲ್ಲೂ ಲಾರೆಸ್ ಎಂಬ ಬೀದಿದೇವರ ಕಟ್ಟೆ, ವರ್ಷಕ್ಕೊಮ್ಮೆ ಉತ್ಸವ, ಉತ್ಸವಕ್ಕೊಂದು ಯುವಕ ಸಂಘ. ಸಂಘಗಳು ರಾಜಕೀಯದ ಪಡೆಗಳಾಗುತ್ತಿವೆ ಎಂದು ಸೆನೆಟ್ಟು ಕ್ರಿ.ಪೂ. 64ರಲ್ಲಿ ಅವನ್ನು ನಿಷೇಧಿಸಿತು. ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಎಂಬ ರಾಜಕಾರಣಿ ಕಾನೂನು ಮಾಡಿ ಮತ್ತೆ ತಂದ; ಬೀದಿ ಬೀದಿಗೆ ಹುಡುಗರ ಪಟ್ಟಿ ಬರೆಸಿ ಪಡೆ ಕಟ್ಟಿದ. ಈ ಕ್ಲೋಡಿಯಸ್ ಕೋಳಿ ಎಸೆದವನ ವಂಶದವನೇ. ನಾಲ್ಕು ವರ್ಷ ಹಿಂದೆ, ಗಂಡಸರು ಕಾಲಿಡಬಾರದ ಬೋನಾ ದೇವಿಯ ಪೂಜೆಗೆ ಹೆಣ್ಣುವೇಷದಲ್ಲಿ ನುಗ್ಗಿ ಸಿಕ್ಕಿಬಿದ್ದವನು. ವೈರಿ ಸಿಸೆರೊ ಊರು ಬಿಟ್ಟ ಕೂಡಲೇ ಅವನ ಮನೆ ಒಡೆಸಿ, ಆ ಜಾಗದಲ್ಲಿ ಸ್ವಾತಂತ್ರ್ಯ ದೇವಿಗೆ ಗುಡಿ ಪ್ರತಿಷ್ಠೆ ಮಾಡಿಸಿಬಿಟ್ಟ. ಸೈಟಿಗೆ ದೇವರು ಬಂದ ಮೇಲೆ ಮುಟ್ಟುವವರು ಯಾರು? ಅಲ್ಲಿ ಕೂರಿಸಿದ ವಿಗ್ರಹ ತನಾಗ್ರಾ ಊರಿನ ವೇಶ್ಯೆಯೊಬ್ಬಳ ಗೋರಿಯ ಮೇಲಿದ್ದದ್ದು ಎಂದು ಸಿಸೆರೊ ಆಮೇಲೆ ಲೇವಡಿ ಮಾಡಿದ. ಆದರೂ ಕ್ರಿ.ಪೂ. 57ರಲ್ಲಿ ಪೊಂಟಿಫೆಕ್ಸರ ಮಂಡಳಿ ಕೂತು ವಾದ ಕೇಳಿತು. ಜನರ ಅಪ್ಪಣೆಯಿಲ್ಲದೆ ಮಾಡಿದ ಪ್ರತಿಷ್ಠೆ ಸಲ್ಲದು ಎಂದು ತೀರ್ಪಿತ್ತು, ಜಾಗ ಸಿಸೆರೊಗೆ ವಾಪಸಾಯಿತು. ಪುರೋಹಿತರೇ ಗುಡಿಯ ವಿರುದ್ಧ ತೀರ್ಪು ಕೊಟ್ಟರು, ಆಕಾಶ ಬೀಳಲಿಲ್ಲ. ನಮ್ಮಲ್ಲಿ ಸಾರ್ವಜನಿಕ ಜಾಗದ ಅನಧಿಕೃತ ಧಾರ್ಮಿಕ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ 2009ರಲ್ಲಿ ಆದೇಶ ಮಾಡಿತು. 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲೂಕಿನಲ್ಲಿ ಒಂದು ದೇವಸ್ಥಾನ ಒಡೆದದ್ದೇ ತಡ, ಅದೇ ತಿಂಗಳು ವಿಧಾನಮಂಡಲದಲ್ಲಿ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ಪಾಸಾಯಿತು. ಇಷ್ಟು ಚುರುಕಾಗಿ ಯಾವ ಚರಂಡಿಯ ಕಡತವೂ ಓಡಿದ್ದನ್ನು ನಾನು ನೋಡಿಲ್ಲ.

ಚಕ್ರವರ್ತಿ ಅಗಸ್ಟಸ್ (ಪಡೀಲಿನವರಿಗೆ ಗೊತ್ತಿರುವ ಅಗಸ್ಟಸ್ ಎಂದರೆ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧಾಲಯ ತೆರೆದ ಫಾದರ್ ಅಗಸ್ಟಸ್ ಮುಲ್ಲರ್, ಇವನು ಬೇರೆ) ರೋಮಿನ ಈ ಬೀದಿಕಟ್ಟೆಗಳನ್ನು ಆಡಳಿತದ ಕೆಲಸಕ್ಕೇ ಹಚ್ಚಿದ. ಕ್ರಿ.ಪೂ. 7ರಲ್ಲಿ ರೋಮನ್ನು 14 ವಲಯ ಮಾಡಿ, ಬೀದಿ ಬೀದಿಯ ವಾರ್ಡುಗಳನ್ನು ಗುರುತಿಸಿದ. 265 ಕೂಡುರಸ್ತೆಗಳ ಲೆಕ್ಕವನ್ನು ಪ್ಲಿನಿ ಕೊಡುತ್ತಾನೆ. ವಾರ್ಡಿನವರೇ ಆರಿಸಿದ ಮೊಕ್ತೇಸರರು ಕಟ್ಟೆಯ ಪೂಜೆಯನ್ನೂ ನೋಡಬೇಕು, ಬೆಂಕಿ ಬಿದ್ದರೆ ನೀರನ್ನೂ ಹಿಡಿಯಬೇಕು.

ಮಂಗಳೂರು ಪಾಲಿಕೆಯಲ್ಲಿ 60 ವಾರ್ಡು. ವಾರ್ಡಿಗೊಬ್ಬ ಮೊಕ್ತೇಸರ, ಕಟ್ಟೆಗೊಂದು ಮೋರಿ. ಅಂಡರ್‌ಪಾಸ್‌ನ ನೀರು ಇಳಿಯುವ ಹೊತ್ತಿಗೆ ನಮ್ಮ ಸಮಿತಿ ಆಗಿಹೋಗಿತ್ತು. ಅಂಗಡಿಯವರು ಖಜಾಂಚಿ, ಮಾಸ್ತರರು ಗೌರವಾಧ್ಯಕ್ಷರು. ರಶೀದಿ ಪುಸ್ತಕದ ಮೇಲೆ ದೇವಿಯ ಚಿತ್ರ ಯಾವ ಭಂಗಿಯಲ್ಲಿರಬೇಕು, ಫ್ಲೆಕ್ಸಿನಲ್ಲಿ ಯಾರ ಮುಖ ಮೇಲೆ ಎಂಬುದರ ಬಗ್ಗೆ ಎರಡು ಗುಂಪಾಗಿದೆ. ಮೂರನೆಯದು ಹುಟ್ಟುವ ಲಕ್ಷಣ ಇದೆ. ಪ್ರಸಾದ ಏನು ಕೊಡುವುದು ಎಂದು ರಿಕ್ಷಾದ ಹುಡುಗ ಕೇಳಿದ. ಒಣಗಿದ ರಸ್ತೆ ಎಂದೆ. ಅವನು ನಂಬಲಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಕರಸೇವೆ ಆರಂಭ. ಹೂವು, ಎಣ್ಣೆ, ತೆಂಗಿನಕಾಯಿ, ಮೈಕು, ಚೆಂಡೆ, ಉಪಾಹಾರ ಎಲ್ಲಕ್ಕೂ ದಾನಿಗಳು ಸಿಕ್ಕಿದ್ದಾರೆ. ಹಾರೆ ಸಿಕ್ಕಿಲ್ಲ. ಮನೆಯಲ್ಲಿ ಇದ್ದವರು ತನ್ನಿ.